ದೊಡ್ಡಿಗೆ ಕೂಡಿದ ಕೋಟು

ಜನವರಿಯ ಆ ಮುಂಜಾನೆ, ಹೆದ್ದಾರಿ ತಡೆಗೆಂದು ಮದ್ದೂರಿನಲ್ಲಿ ರಸ್ತೆಯ ಮೇಲೆ ಕೂತಿದ್ದ ನಮ್ಮೆಲ್ಲರ ನಡುವೆ ಹಲ್ಲು ಕಟಕಟಿಸುವಂತೆ ನಡುಗುತ್ತಿದ್ದವನು ಚಿಕ್ಕಬೋರಯ್ಯ; ಎಂಥ ಹಿಮವನ್ನಾದರೂ ತಡೆಯಬಲ್ಲ ದಪ್ಪನೆಯ ಮಿಲಿಟರಿ ಕೋಟು ಇದ್ದದ್ದೂ ಅವನೊಬ್ಬನ ಹೆಗಲ ಮೇಲೆಯೇ. ಮಲಗಿದ ಮಗುವನ್ನು ಹೊತ್ತಂತೆ ಅದನ್ನು ಎಡಹೆಗಲಿಗೆ ಹಾಕಿಕೊಂಡು, ತಾನು ಮಾತ್ರ ತೆಳ್ಳನೆಯ ಟವಲ್ಲಿನೊಳಗೆ ಮುದುಡಿಕೊಂಡಿದ್ದ.

"ಆಕ್ಕಳ್ಳಲಾ ಅದ್ನ, ಸತ್ತೋಗ್ತೀಯ" ಎಂದೆ.

"ಕೂಡಿದ ಎತ್ತಿಗೆ ನೊಗ ಕಟ್ತಾರೇನ್ಲಾ?" ಎಂದು ಟವಲ್ಲನ್ನು ಇನ್ನಷ್ಟು ಬಿಗಿದುಕೊಂಡ.

ಈ ಮಾತು ಅರ್ಥವಾಗಬೇಕಾದರೆ ನಮ್ಮೂರ ದೊಡ್ಡಿಯ ಕಟ್ಟಳೆ ಗೊತ್ತಿರಬೇಕು. ಆತಗೂರು ಹೋಬಳಿಯ ನಮ್ಮ ಕಲ್ಲಬಾವಿ ಕೊಪ್ಪಲಿನಲ್ಲಿ, ಪರರ ದನ ನುಗ್ಗಿ ಪೈರು ಮೇಯ್ದರೆ ಅದನ್ನು ಹೊಡೆಯುವಂತಿಲ್ಲ, ಹಿಡಿದು ದೊಡ್ಡಿಗೆ ಕೂಡಬೇಕು. ಕೂಡಿದವನೇ ಅದಕ್ಕೆ ಹುಲ್ಲು ನೀರು ನೋಡಬೇಕು, ಆದರೆ ಅದರಿಂದ ಒಂದು ಸಾಲು ಉಳುವಂತಿಲ್ಲ, ಒಂದು ಸೇರು ಹಾಲು ಕರೆಯುವಂತಿಲ್ಲ. ದನದ ಯಜಮಾನ ತಾನೇ ಬಂದು, ಹೊಲದ ಬದುವಿನ ಮೇಲೆ ನಿಂತು, ತಪ್ಪಾಯಿತು ಎನ್ನಬೇಕು. ಅಷ್ಟಾದರೆ ಹಗ್ಗ ಅವನ ಕೈಗೆ. ದೊಡ್ಡಿಯ ಗೋಡೆ ಎಂದೋ ಕುಸಿದು ಬಿದ್ದು ಅಲ್ಲೀಗ ಹಾಲಿನ ಡೈರಿ ನಿಂತಿದೆ. ಚಿಕ್ಕಬೋರಯ್ಯನ ತಲೆಯೊಳಗೆ ಮಾತ್ರ ಆ ಗೋಡೆಯ ಒಂದು ಕಲ್ಲೂ ಜರುಗಿರಲಿಲ್ಲ.

ನಾನೂ ಅವನೂ ಒಂದೇ ವಾರಿಗೆಯವರು. ಹಸಿರು ಶಾಲು ಹೊದ್ದು ಲಾಠಿ ತಿಂದದ್ದೂ ಒಟ್ಟಿಗೇ. ಜೀವಮಾನವೆಲ್ಲ ಗದ್ದೆಯ ಬದುವಿನ ಮೇಲೆ ನಡೆದ ಅವನು, ಸಾವಿರಾರು ಜನರ ಮೆರವಣಿಗೆಯಲ್ಲಿ, ಅಷ್ಟಗಲದ ಬೆಂಗಳೂರು–ಮೈಸೂರು ರಸ್ತೆಯ ನಡುವೆಯೂ, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನಿಟ್ಟು, ಕೈಗಳನ್ನು ಕೊಂಚ ಅಗಲಿಸಿ, ಬಿಳಿಯ ಗೆರೆಯ ಮೇಲೆಯೇ ನಡೆಯುತ್ತಿದ್ದ. ಗೆರೆಯಾಚೆ ಕೆಸರಿದೆಯೇನೋ ಎಂಬಂತೆ. ಮಾತು ಕಡಿಮೆ. ಯಾರು ಏನೇ ಸುದ್ದಿ ತಂದರೂ ಅವನ ಬಾಯಿಂದ ಮೊದಲು ಬೀಳುತ್ತಿದ್ದುದು ಒಂದೇ ಪ್ರಶ್ನೆ: "ಕೇಳುದ್ರಾ?" ಕರೆಂಟಿನ ಕಂಬ ನೆಟ್ಟರಂತೆ ಎಂದರೆ, ಕೇಳುದ್ರಾ? ಮಗಳಿಗೆ ಗಂಡು ಗೊತ್ತಾಯಿತಂತೆ ಎಂದರೆ, ಅವಳ್ನ ಕೇಳುದ್ರಾ? ಪರಸ್ಥಳದವರ ವಿಷಯದಲ್ಲಂತೂ ಅವನದು ಕಡುನಿಷ್ಠುರ ಲೆಕ್ಕ. ಮಳವಳ್ಳಿ ಸೀಮೆಯಿಂದ ಬಂದು ಅವನ ಮನೆ ತುಂಬಿ, ಮಕ್ಕಳನ್ನು ಹೆತ್ತು, ಮೊಮ್ಮಕ್ಕಳನ್ನು ಎತ್ತಿದ ಹೆಂಡತಿ ಮರಿತಾಯಮ್ಮ ಕೂಡ ಅವನ ಪಾಲಿಗೆ ಕೊನೆಯವರೆಗೂ "ವರಗ್ನೋಳು". ಸಾರಿಗೆ ಉಪ್ಪು ಹೆಚ್ಚಾದ ದಿನ, "ಮಳವಳ್ಳಿಯೋರಿಗೇನ್ ಗೊತ್ತು ನಮ್ ನಾಲ್ಗೆ" ಎನ್ನುತ್ತಿದ್ದ. ಆಕೆ, "ನಾಲ್ಗೆ ಉದ್ದ ಆದೋರಿಗೆ ಉಪ್ಪು ಜಾಸ್ತಿ ಬೇಕು ಕಣ್ ಸುಮ್ಕಿರಿ" ಎಂದು ಇನ್ನೊಂದು ಸೌಟು ಬಡಿಸುತ್ತಿದ್ದಳು.

ಊರ ಗೋಮಾಳಕ್ಕೆ ತಂತಿಬೇಲಿ ಬಿದ್ದು, ಅದು ಗುಂಡು ಹಾರಿಸುವ ಮೈದಾನವಾದಾಗ ನಾವು ಗೊಣಗಿದೆವೇ ಹೊರತು ಬೀದಿಗಿಳಿಯಲಿಲ್ಲ. ನಮ್ಮದೇ ಸೈನ್ಯ, ಊರಿನ ಕೆಲವು ಹುಡುಗರೂ ಗಡಿಯಲ್ಲಿದ್ದರು, ಬಾಯಿ ಕಟ್ಟಿಹೋಯಿತು. ಕೆಲವು ವರ್ಷಗಳ ಮೇಲೆ, ಜಂಟಿ ಕವಾಯತಿಗೆಂದು ಹೊರದೇಶವೊಂದರ ಪಡೆ ಅದೇ ಗೋಮಾಳದಲ್ಲಿ ಡೇರೆ ಹಾಕಿದಾಗ ಕಟ್ಟಿದ ಬಾಯಿಗಳೆಲ್ಲ ಒಟ್ಟಿಗೇ ಬಿಚ್ಚಿದವು. ಇವರು ಹೋಗುವವರಲ್ಲ, ಇಲ್ಲೇ ಕಾಯಂ ಠಾಣ್ಯ ಹೂಡುತ್ತಾರೆ ಎಂಬ ಸುದ್ದಿ ಕೊಪ್ಪದ ಬಸ್ಸಿನಲ್ಲಿ ಹತ್ತಿ ಮದ್ದೂರಿನಲ್ಲಿ ಇಳಿಯುವಷ್ಟರಲ್ಲಿ ಎರಡು ಪಟ್ಟಾಗುತ್ತಿತ್ತು. ದನ ಅಟ್ಟಲು ದಾರಿಯಿಲ್ಲ, ಸೊಪ್ಪು ಸೌದೆಗೆ ಹೋಗುವ ಹೆಂಗಸರಿಗೆ ಧೈರ್ಯವಿಲ್ಲ, ಗುಂಡಿನ ಸದ್ದಿಗೆ ಕಟ್ಟಿದ ಹಸು ಬೆದರಿ ಹಗ್ಗ ಹರಿಯುತ್ತಿತ್ತು.

ಅಂಥ ಒಂದು ಬೆಳಗ್ಗೆ ಹೊರದೇಶದ ಜೀಪೊಂದು ದಾರಿ ತಪ್ಪಿ ಚಿಕ್ಕಬೋರಯ್ಯನ ಗದ್ದೆಗಿಳಿಯಿತು. ಬೇಸಿಗೆ ನಾಟಿಗೆಂದು ಬಿಟ್ಟಿದ್ದ ಭತ್ತದ ಒಟ್ಲು, ಅಂದರೆ ಸಸಿಮಡಿ, ಗೇಣುದ್ದ ಎದ್ದು ಹಸಿರಾಗಿ ಹಾಸಿಕೊಂಡಿತ್ತು. ಒಟ್ಲು ಹೋದರೆ ಆ ಬೆಳೆಯೇ ಹೋದಂತೆ. ಜೀಪು ಅದರ ನಟ್ಟನಡುವೆ ಹೂತು ಚಕ್ರ ತಿರುಗಿಸತೊಡಗಿತು. ಕೆಂಪು ಮೋರೆಯ, ತೆಂಗಿನಮರದಂಥ ಸೈನಿಕನೊಬ್ಬ ಇಳಿದು, ಕೋಟು ಬಿಚ್ಚಿ ಬದುವಿನ ಮೇಲಿಟ್ಟು, ಒಬ್ಬನೇ ತಳ್ಳತೊಡಗಿದ. ನೋಡಲಾರದೆ ಚಿಕ್ಕಬೋರಯ್ಯನೂ ಪಂಚೆ ಎತ್ತಿಕಟ್ಟಿ ಹೆಗಲು ಕೊಟ್ಟ. ಮರಿತಾಯಮ್ಮ ಚಕ್ರದಡಿಗೆ ಕಬ್ಬಿನ ತರಗು ಹಾಕಿದಳು. ಜೀಪು ರಸ್ತೆ ಹತ್ತಿತು. ಸೈನಿಕ ಕೈಯೆತ್ತಿ ನಕ್ಕು, ಕೋಟಿಗೆ ಕೈ ಚಾಚಿದರೆ, ಅದಾಗಲೇ ಚಿಕ್ಕಬೋರಯ್ಯನ ಕಂಕುಳಲ್ಲಿತ್ತು. ಒಟ್ಲನ್ನು ತೋರಿಸಿದ, ಕೋಟನ್ನು ತೋರಿಸಿದ. ಆ ಹುಡುಗನಿಗೆ ಏನು ತಿಳಿಯಿತೋ, ಅತ್ತ ಜೀಪಿನ ಹಾರನ್ನು ಬಡಿದುಕೊಳ್ಳುತ್ತಿತ್ತು, ಓಡಿಹೋದ.

ಸಂಜೆಗೆ ನಮ್ಮದೇ ಸೈನ್ಯದ, ಕನ್ನಡ ಬಲ್ಲ ಅಧಿಕಾರಿಯೊಬ್ಬರು ಮನೆಬಾಗಿಲಿಗೆ ಬಂದರು. ನಾನೂ ಜಗಲಿಯಲ್ಲಿದ್ದೆ.

"ಯಜಮಾನ್ರೇ, ಕೋಟು ಕೊಟ್ಟುಬಿಡಿ. ಅವರು ಅತಿಥಿಗಳು."

"ಯಾರ್ ಕರ್ದಿದ್ದು?"

"ಸರ್ಕಾರ."

"ಕರ್ದೋರ್ ಪಡಸಾಲೇಲಿ ಕೂತ್ಕಂಡು ಉಣ್ಲಿ ಬುಡಿ. ನನ್ ಒಟ್ಲಿಗೆ ಬರಾಕೆ ನನ್ ಕೇಳುದ್ರಾ?"

"ತಪ್ಪಾಯ್ತು ಅಂತ ಅವನ ಪರವಾಗಿ ನಾನೇ ಹೇಳ್ತೀನಿ."

"ಮೇಯ್ದಿದ್ದು ನಿಮ್ ದನ ಅಲ್ವಲ್ಲ ಸ್ವಾಮಿ. ಅವ್ನೇ ಬರ್ಲಿ. ಭಾಸೆ ಬರ್ದಿದ್ರೂ ಚಿಂತಿಲ್ಲ, ಬದಿನ ಮ್ಯಾಲೆ ನಿಂತ್ಕಂಡು ತಲೆ ಕೆರ್ಕಂಡ್ರೂ ಸಾಕು, ನಂಗರ್ತಾಯ್ತದೆ."

ಅಧಿಕಾರಿ ಮರಿತಾಯಮ್ಮ ಕೊಟ್ಟ ಮಜ್ಜಿಗೆ ಕುಡಿದು, ನಗಬೇಕೋ ಗದರಬೇಕೋ ತಿಳಿಯದೆ ಎದ್ದುಹೋದರು. ಹುಡುಗ ಬರಲಿಲ್ಲ.

ಹೆದ್ದಾರಿ ತಡೆದದ್ದು ಅದಾದ ಮುಂದಿನ ವಾರ. ನಡುಹಗಲಾಗುವ ಹೊತ್ತಿಗೆ ಟೀವಿಯವರ ಕ್ಯಾಮೆರಾಗಳು ಬಂದವು. ಮೈಕು ಹಿಡಿದಿದ್ದ ನಮ್ಮ ತಾಲ್ಲೂಕಿನ ಮುಂದಾಳು ರವಿಚಂದ್ರ ಸೀಮೆಣ್ಣೆ ಡಬ್ಬದೊಡನೆ ಚಿಕ್ಕಬೋರಯ್ಯನ ಬಳಿಗೆ ಬಂದ.

"ಬೋರಣ್ಣ, ಕೋಟ್ ಕೊಡಣ್ಣ, ಸುಡವ. ಪರದೇಸಿ ಮಿಲಿಟ್ರಿದು. ದೇಸ್ವೆಲ್ಲಾ ನೋಡ್ತದೆ."

"ದೊಡ್ಡಿಗೆ ಕೂಡಿದ್ ದನಾನ ಸುಡ್ತಾರೇನ್ಲಾ?"

"ಇದು ಚಳವಳಿ ಕಣಣ್ಣ, ದನದ್ ದೊಡ್ಡಿ ಅಲ್ಲ!"

"ಅವ್ನು ಕೇಳ್ದಲೆ ನನ್ ಒಟ್ಲು ತುಳ್ದ. ನಾನು ಕೇಳ್ದಲೆ ಅವ್ನ್ ಕೋಟ್ ಸುಟ್ರೆ, ಆಮ್ಯಾಕೆ ಯಾರು ಯಾರ್ನ ಬಯ್ಯಾದ್ಲಾ?"

ಸುತ್ತಲಿದ್ದವರು ಹುಯ್ಯಲಿಟ್ಟರು. "ಮುದ್ಕಂಗೆ ಮಿಲಿಟ್ರಿ ರಮ್ಮು ಸಿಕ್ಕದೆ ಕಣ್ರಲಾ" ಎಂದನೊಬ್ಬ. ಮೈಕಿನ ಪಕ್ಕದಲ್ಲಿದ್ದ ನನಗೂ ರೇಗಿತು; ಅಂಥ ಉರಿಯೊಂದು ಪತ್ರಿಕೆಯ ಮುಖಪುಟಕ್ಕೆ ಎಷ್ಟು ಬೆಲೆ ಬಾಳುತ್ತದೆಂದು ನಮ್ಮಂಥವರಿಗೆ ಗೊತ್ತು. ಚಿಕ್ಕಬೋರಯ್ಯ ಕೋಟನ್ನು ಬಲಹೆಗಲಿಗೆ ಬದಲಾಯಿಸಿಕೊಂಡು, ಎದ್ದು ಹೋಗದೆ, ಪೊಲೀಸರು ಎತ್ತಿ ವ್ಯಾನಿಗೆ ಹಾಕುವವರೆಗೂ ಅಲ್ಲೇ ಕೂತಿದ್ದ. ಕೊನೆಗೆ ನಮ್ಮವರು ಅಂಗಡಿಯಿಂದ ನೈಲಾನ್ ಜಾಕೆಟ್ಟೊಂದನ್ನು ತಂದು ಸುಟ್ಟರು. ಅದು ಉರಿಯದೆ ಕರಗಿ, ಗಬ್ಬು ಹೊಗೆಯೆಬ್ಬಿಸಿ, ಘೋಷಣೆ ಕೂಗುವವರೇ ಕೆಮ್ಮುವಂತಾಯಿತು.

ಪರದೇಶದ ಪಡೆ ಡೇರೆ ಕಿತ್ತುಕೊಂಡು ಹೋಯಿತು, ಮತ್ತೆ ಬರಲಿಲ್ಲ. ನಮ್ಮ ಹೋರಾಟಕ್ಕೆ ಮಣಿದರೆಂದು ನಾವು ಪಟಾಕಿ ಹೊಡೆದೆವು; ಕವಾಯತು ಮುಗಿದಿತ್ತು ಅಷ್ಟೆ ಎಂದು ತಿಳಿದವರು ಹೇಳಿದರು. ಎರಡರಲ್ಲಿ ಯಾವುದು ನಿಜವೆಂದು ನನಗೆ ಇಂದಿಗೂ ತಿಳಿಯದು. ಗೋಮಾಳದ ಬೇಲಿ ಹಾಗೇ ಉಳಿಯಿತು. ಕೋಟೂ ಉಳಿಯಿತು.

ಆಮೇಲಿನ ಅವನ ಕಥೆಯೇ ಬೇರೆ. ಬಿಳಿಯನೆಂದರೆ ಬಿಳಿಯನ ಪೈಕಿಯವನೇ, ಹೇಗಾದರೂ ಸುದ್ದಿ ಮುಟ್ಟಿಸುತ್ತಾನೆ ಎಂದು ಅವನು ನಂಬಿದ್ದ. ಪಕ್ಕದೂರಿನ ಎತ್ತು ಕೂಡಿದರೆ ಆ ಊರಿನ ಯಾರ ಕೈಯಲ್ಲಾದರೂ ಹೇಳಿ ಕಳಿಸುವುದಿಲ್ಲವೇ, ಹಾಗೆ. ಮದ್ದೂರಿನ ಮೆಕ್ಯಾನಿಕ್ ಅಕ್ರಂ ಪಾಷಾ ಗಲ್ಫಿನಲ್ಲಿ ದುಡಿದು ಇಂಗ್ಲಿಷ್ ಕಲಿತಿದ್ದವನು. ಮೈಸೂರಿಗೆ ಹೊರಟ ಪ್ರವಾಸಿಗಳು ವಡೆ ತಿನ್ನಲು ಇಳಿದದ್ದು ಕಂಡರೆ ಫೋನು ಮಾಡುತ್ತಿದ್ದ: "ಬೋರಣ್ಣ, ನಿಮ್ ನೆಂಟ್ರು ಬಂದವ್ರೆ, ಬಿರ್ನೆ ಬನ್ನಿ." ಚಿಕ್ಕಬೋರಯ್ಯ ಕೋಟು ಹೊತ್ತು ಬಸ್ಸು ಹತ್ತುತ್ತಿದ್ದ. ಒಬ್ಬಾಕೆ ಮಾರಾಟಕ್ಕೆಂದು ತಿಳಿದಳು. ಇನ್ನೊಬ್ಬ ನಗುತ್ತಾ ತೋಳು ತೂರಿಸಹೋದಾಗ ಇವನು ಕಸಿದುಕೊಂಡು ಬೈದ. ಮತ್ತೊಬ್ಬ ಕೋಟಿನ ಎದೆಯ ಮೇಲಿನ ಹೆಸರನ್ನೋದಿ, ಇದು ತನ್ನ ದೇಶದ್ದೇ ಅಲ್ಲವೆಂದ. ಅಕ್ರಂ ಅದನ್ನು ಕನ್ನಡಕ್ಕೆ ತಂದಾಗ ಚಿಕ್ಕಬೋರಯ್ಯ, "ಅಂಗಾರೆ ಬಿಳೀರಲ್ಲೂ ಮದ್ದೂರೇ ಬ್ಯಾರೆ, ಮಳವಳ್ಳೀನೇ ಬ್ಯಾರೆ ಅನ್ನು" ಎಂದ. ಅಕ್ರಂ ನಕ್ಕು ನಕ್ಕು ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡ.

ಹೋದ ವರ್ಷ ಅವನು ತೀರಿಕೊಂಡ. ಗುಂಡಿಗಿಳಿಸುವ ಮುನ್ನ ರವಿಚಂದ್ರ ಹಸಿರು ಶಾಲು ಹೊದಿಸಿ, ಗೂಟದಲ್ಲಿ ನೇತುಹಾಕಿದ್ದ ಕೋಟನ್ನೂ ತರಿಸಿದ. ಸತ್ತವರ ಪ್ರೀತಿಯ ವಸ್ತು ಜೊತೆಗೆ ಹೋಗಲಿ ಎನ್ನುವುದು ನಮ್ಮಲ್ಲಿ ವಾಡಿಕೆ. ಅಳುತ್ತಿದ್ದ ಮರಿತಾಯಮ್ಮ ಅಳು ನಿಲ್ಲಿಸಿದಳು.

"ಮಡುಗಪ್ಪ ಅದ್ನ. ಅವರ್ದಲ್ಲ ಅದು."

"ಇನ್ಯಾರ್ ಬತ್ತಾರಮ್ಮ ಕೇಳಾಕೆ?"

"ಬರ್ದಿದ್ರೆ ಅದು ಅವ್ನ್ ಹಣೇಬರ. ಮಡಗಾದು ನಮ್ ಕಟ್ಟಳೆ."

ಮೊನ್ನೆ ಹೋಗಿದ್ದಾಗ ಅಂಗಳದ ಹಗ್ಗದ ಮೇಲೆ ಕೋಟು ಬಿಸಿಲು ಕಾಯುತ್ತಿತ್ತು. ಸಡಿಲಾಗಿದ್ದ ಗುಂಡಿಗೆ ಹೊಸ ದಾರ ಬಿದ್ದಿತ್ತು. "ಅಂತೂ ನೀನೂ ಈ ಊರ್ನೋಳೇ ಆದೆ ಬುಡವ್ವ" ಎಂದು ಕಿಚಾಯಿಸಿದೆ. "ನಾನ್ ಮಳವಳ್ಳಿಯೋಳೇ ಕಣಣ್ಣ" ಎಂದಳು, ಕೋಟನ್ನು ಮಗುಚಿ ಹಾಕುತ್ತಾ, "ನಮ್ ಕಡೀಕೂ ದೊಡ್ಡಿ ಇಂಗೇಯ."

ದೇಶ ದೇಶಗಳನ್ನೇ ಒಟ್ಟಾಗಿ ದ್ವೇಷಿಸುವುದು ನಮ್ಮಂಥ ಮೈಕಿನವರಿಗೆ ಸಲೀಸು. ಇಂಥವರಿಗೆ ಅದು ಕೈಲಾಗದು. ಅವರ ಜಗಳವೇನಿದ್ದರೂ ಕೇಳದೆ ತುಳಿದ ಆ ಒಂದು ಕಾಲಿನೊಡನೆ. ಚಳವಳಿಗೆ ಇಂಥವರಿಂದ ಉಪಯೋಗಕ್ಕಿಂತ ಉಪದ್ರವವೇ ಹೆಚ್ಚು. ಅವರು ಎದ್ದುಹೋದ ಚಳವಳಿಯಲ್ಲಿ ಉಳಿಯುವುದೋ, ನೈಲಾನ್ ಹೊಗೆ. ದೂರದ ಯಾವನೋ ಒಬ್ಬ ತಾನು ಮರೆತೇಬಿಟ್ಟಿರುವ ತಪ್ಪೊಂದು ಇವರ ಮನೆಯ ಗೂಟದಲ್ಲಿ, ಆಗಾಗ ಬಿಸಿಲು ಕಂಡುಕೊಂಡು, ಹುಳು ಹಿಡಿಯದೆ, ಅವನ ದಾರಿ ಕಾಯುತ್ತಿರುತ್ತದೆ. ಕಾಯಲು ನಿಂತವರು ಸತ್ತ ಮೇಲೂ.