ಮೀಸಲು ಮರಿ

ಹಿಂಡಿನಲ್ಲಿ ಒಂದು ಒಳ್ಳೆಯ ಟಗರು ಮರಿ ಹುಟ್ಟಿತೆಂದರೆ ಅದನ್ನು ಮಾರುವ ತನಕ ಮಂಜಣ್ಣನಿಗೆ ಸಮಾಧಾನವಿರುತ್ತಿರಲಿಲ್ಲ. ಒಳ್ಳೆಯವೆಲ್ಲ ಶ್ರೀರಾಂಪುರದ ಸಂತೆಯ ದಾರಿ ಹಿಡಿದು, ಯಾರಿಗೂ ಬೇಡವಾದ ಬಡಕಲು ಟಗರೇ ಹಿಂಡಿಗೆ ಯಜಮಾನನಾಗಿ ಉಳಿಯುತ್ತಿತ್ತು. ವರ್ಷದಿಂದ ವರ್ಷಕ್ಕೆ ಮರಿಗಳು ಕುಳ್ಳಾಗುತ್ತಿರುವುದನ್ನು ಅವನ ಹೆಂಡತಿ ಚಿತ್ತಮ್ಮ ನೋಡುತ್ತಲೇ ಇದ್ದಳು.

"ರಾಗಿಗಾದ್ರೆ ದಪ್ಪ ತೆನೆ ಆರಿಸಿ ಬಿತ್ತನೆಗೆ ಇಡ್ತೀವಿ. ಕುರಿಗ್ಯಾಕೆ ಉಲ್ಟಾ ಮಾಡ್ತೀವಿ?" ಎಂದಳು.

"ಮೊದ್ಲು ಮನೆ ಮೇಲೆ ಶೀಟು ಬೀಳ್ಲಿ ಕಣೇ. ಮುಂದಿಂದು ಮುಂದೆ."

ಅವನ ಮಾತೂ ಸುಳ್ಳಲ್ಲ. ಗಾಳಿಗೆ ಮನೆಯ ಅರ್ಧ ಶೀಟು ಹಾರಿಹೋಗಿತ್ತು, ಮಳೆಗಾಲ ಎದುರಿಗಿತ್ತು. ಆ ಸಲ ಹುಟ್ಟಿದ್ದ ಉದ್ದ ಕಾಲಿನ ಕೆಂದ ಮರಿಯನ್ನು ಒಯ್ಯಲು ವ್ಯಾಪಾರಿ ಗುಡ್ಡಪ್ಪ ಬರುವವನಿದ್ದ.

ಅವನು ಬರುವ ಮೊದಲೇ ಚಿತ್ತಮ್ಮ ಮರಿಯ ಕೊರಳಿಗೆ ಅರಿಶಿನದ ದಾರ ಕಟ್ಟಿಬಿಟ್ಟಳು. ಅವರ ಹಟ್ಟಿಯಲ್ಲಿ ಹೀಗೆ ದಾರ ಕಟ್ಟಿ ದೇವರಿಗೆ ಮೀಸಲು ಬಿಟ್ಟ ಮರಿಯನ್ನು ಮಾರುವ ಹಾಗಿಲ್ಲ, ಅದು ಹಿಂಡಿನಲ್ಲೇ ಬೆಳೆಯಬೇಕು. ಅವಳು ಹರಕೆ ಹೊತ್ತದ್ದೇ ಇಲ್ಲ. ದೇವರ ಹೆಸರಲ್ಲಿ ಸುಳ್ಳಾಡಿದೆನಲ್ಲ ಎಂದು ಕೆನ್ನೆ ಬಡಿದುಕೊಂಡಳು.

ದಾರ ಕಂಡೊಡನೆ ಗುಡ್ಡಪ್ಪ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಮಂಜಣ್ಣ ದಾರವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿದ.

"ಯಾವಾಗ ಹೊತ್ಕಂಡೆ ಹರಕೆ?"

"ಹೊತ್ಕಂಡೆ," ಎಂದಳು, ನೆಲ ನೋಡುತ್ತ. ಗುಡ್ಡಪ್ಪ ಬರಿಗೈಯಲ್ಲಿ ಹೊರಟುಹೋದ.

ಆ ಮಳೆಗಾಲ ಟಾರ್ಪಾಲಿನ ಕೆಳಗೇ ಕಳೆಯಿತು. ಸೋರಿದಾಗೆಲ್ಲ ಮಂಜಣ್ಣ ರಾಗಿ ಚೀಲಗಳನ್ನು ಈ ಮೂಲೆಯಿಂದ ಆ ಮೂಲೆಗೆ ಹೊರುತ್ತಿದ್ದ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬೈದಿದ್ದರಾದರೂ ಆಗುತ್ತಿತ್ತು ಎನಿಸುತ್ತಿತ್ತು ಚಿತ್ತಮ್ಮನಿಗೆ. ಮಾರಿಬಿಡಬೇಕಿತ್ತೇನೋ ಎಂದೂ ಎಷ್ಟೋ ಸಲ ಅನಿಸಿತು.

ಮರುವರ್ಷ ಕೆಂದನ ಮರಿಗಳು ಹುಟ್ಟಿದವು. ಎಲ್ಲಕ್ಕೂ ಅಪ್ಪನ ಉದ್ದ ಕಾಲು. ನಾಲ್ಕು ಟಗರು ಮರಿ ಕೊಟ್ಟರೆ ಶೀಟಿನ ಚಿಂತೆ ಮುಗಿಯುವಂತಿತ್ತು. ಆದರೆ ಅವುಗಳಲ್ಲೆಲ್ಲ ಚೆಂದದ್ದೊಂದಿತ್ತು, ಗುಡ್ಡಪ್ಪನ ಕಣ್ಣು ಮೊದಲು ಅದರ ಮೇಲೆಯೇ ಬೀಳುತ್ತದೆ. ದೇವರನ್ನು ಎರಡನೆಯ ಸಲ ಯಾಮಾರಿಸುವ ಧೈರ್ಯ ಚಿತ್ತಮ್ಮನಿಗಿರಲಿಲ್ಲ.

ಗುಡ್ಡಪ್ಪ ಬರುವ ಬೆಳಿಗ್ಗೆ ಅವಳು ಭಾರವಾದ ಮನಸ್ಸಿನಿಂದ ಕುರಿ ಕೂಡುವ ರೊಪ್ಪಕ್ಕೆ ಹೋದಳು. ಆ ಮರಿಯ ಕೊರಳಲ್ಲಿ ಆಗಲೇ ದಾರವಿತ್ತು, ಅರಿಶಿನ ಇನ್ನೂ ಹಸಿ. ಆಚೆ ಮಂಜಣ್ಣ ಬಿಂದಿಗೆಯ ನೀರಲ್ಲಿ ಬೆರಳು ಉಜ್ಜುತ್ತಿದ್ದ.

"ನೀವ್ಯಾವಾಗ ಹೊತ್ಕಂಡ್ರಿ?"

"ನೀನ್ ಹೊತ್ಕಂಡಾಗ್ಲೇ," ಎಂದು ಅವನು ತಲೆಯೆತ್ತದೆ ಉಜ್ಜುತ್ತಲೇ ಇದ್ದ.