ಅಕ್ಕನ ರಕ್ತ

ರಕ್ತದಲ್ಲಿ ತೇಲುವ, ಪ್ರೋಟೀನ್ ತಯಾರಿಸದ ಪುಟ್ಟ ಆರ್‌ಎನ್‌ಎ ತುಣುಕುಗಳಿಂದ ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯಬಹುದೇ ಎಂದು ತಂಗಿ ಪ್ರಯೋಗಾಲಯದಲ್ಲಿ ಹುಡುಕುತ್ತಿದ್ದಳು. ರೋಗಿಗಳೊಂದಿಗೆ ಹೋಲಿಸಲು ಆರೋಗ್ಯವಂತಳೆಂದು ರಕ್ತ ಕೊಟ್ಟ ಅಕ್ಕನ ಫಲಿತಾಂಶ ರೋಗಿಗಳ ಸಾಲಿಗೆ ಹೋಗಿ ಕೂತಿತು. ತಂಗಿ ನಂಬಲಿಲ್ಲ. ರಕ್ತದಿಂದ ಬೇರ್ಪಡಿಸಿದ ತಿಳಿದ್ರವ, ಸೀರಂ, ನಸುಗೆಂಪಾಗಿತ್ತು; ರಕ್ತಕಣ ಒಡೆದಿದ್ದರೆ ಲೆಕ್ಕ ತಪ್ಪುವುದುಂಟು. ಮತ್ತೆ ಸೂಜಿ ಹಿಡಿದು ಅಕ್ಕನ ಮನೆಗೆ ಹೋದಳು.

"ಇನ್ನೊಂದ್ಸಲ ಯಾಕೆ? ಏನೋ ಮುಚ್ಚಿಡ್ತಿದ್ದೀಯ."

"ಮೊದಲಿಂದು ಕೆಟ್ಟೋಯ್ತು ಅಕ್ಕ."

"ಸುಳ್ಳು ಹೇಳೋವಾಗ ನೀನು ಮುಖ ನೋಡಲ್ಲ ಕಣೇ," ಎನ್ನುತ್ತಲೇ ಅಕ್ಕ ತೋಳು ಚಾಚಿದಳು.

ಈ ಸಲ ಸೀರಂ ತಿಳಿಯಾಗಿತ್ತು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಪರೀಕ್ಷೆಯ ಮೇಲಿನ ಅನುಮಾನ ಹೋಗದಿದ್ದರೂ ತಂಗಿ ಎಲ್ಲವನ್ನೂ ಹೇಳಿ ಅಕ್ಕನನ್ನು ಸ್ಕ್ಯಾನಿಂಗಿಗೆ ಕರೆದೊಯ್ದಳು. ಎಡ ಅಂಡಾಶಯದಲ್ಲಿ ಚಿಕ್ಕ ಗಡ್ಡೆಯಿತ್ತು. ಅದನ್ನು ತೆಗೆದ ವೈದ್ಯೆ, ಕ್ಯಾನ್ಸರೇ ಆದರೂ ಹರಡಿಲ್ಲವೆಂದಾಗ ತಂಗಿ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.