ಲಕೂರ್ ಎಂಬ ಊರು

ತನ್ನ ಗಂಡನ ಕೊರಳಿಗೆ ತಂಗಿ ರೋಜಿ ಕಟ್ಟಿದ್ದ ಕಪ್ಪು ಟೈಯನ್ನು ಕಾರ್ಮಿನ್ ಬಿಚ್ಚತೊಡಗಿದಳು. ಶವಪೆಟ್ಟಿಗೆಯ ಮೇಲೆ ಬಾಗಿ ಗಂಟು ಸಡಿಲಿಸುತ್ತಿದ್ದ ಅವಳ ಕೈಯನ್ನು ರೋಜಿ ಹಿಡಿದುಕೊಂಡಳು.

“ಎಂತ ಮಾಡ್ತಿದ್ದಿ ಅಕ್ಕಾ? ಇಗರ್ಜಿಗೆ ಫ್ರಾನ್ಸಿನಿಂದಲೂ ಜನ ಬರ್ಲಿಕ್ಕುಂಟು. ಚಂದ ಕಾಣ್ಬೇಡ್ವಾ?”

“ಇವರು ಟೈ ಕಟ್ಟುವವರಲ್ಲ. ನಮ್ಮ ಮದುವೆಗೂ ಕಟ್ಲಿಲ್ಲ. ಎಂಜಿನ್ನಿನ ಫ್ಯಾನಿಗೆ ಸಿಕ್ಕಿದ್ರೆ ತಲೆಯನ್ನೇ ಒಳಗೆ ಎಳೀತದೆ ಅಂತಿದ್ರು.”

“ಇನ್ನೆಂತ ಫ್ಯಾನ್ ಅಕ್ಕಾ...” ಎನ್ನುತ್ತ ರೋಜಿ ಅಳುವಿನ ನಡುವೆಯೇ ನಕ್ಕುಬಿಟ್ಟಳು. ಕಾರ್ಮಿನ್ ಟೈಯನ್ನು ತೆಗೆದು ಅಂಗಿಯ ಕಾಲರನ್ನು ನೇರ ಮಾಡಿದಳು.

ಬಹರೈನಿನ ಆಸ್ಪತ್ರೆಯಿಂದ ಅವಾಲಿಯ ಇಗರ್ಜಿಗೆ ಹೊರಟಾಗ ಕಾರು ಓಡಿಸಿದವನು ಜಯಂತ. ಈಸಾ ಟೌನಿನ ತರಬೇತಿ ಕೇಂದ್ರದಲ್ಲಿ ಕಾರ್ಮಿನ್‌ಳ ಗಂಡ ರೆಮಿ ಲಕೂರನ ಬಳಿ ಕೆಲಸ ಕಲಿತು, ಈಗ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದ ಉಡುಪಿಯವನು. ರೋಜಿಗೆ ಸುಮ್ಮನಿರಲಾಗಲಿಲ್ಲ.

“ಅಷ್ಟು ದೊಡ್ಡ ಕಂಪನಿಯ ಎಂಜಿನಿಯರ್. ಪ್ಯಾರಿಸಿನಲ್ಲೇ ಇದ್ದಿದ್ರೆ ಭಾವ ಎಲ್ಲಿಗೋ ಮುಟ್ತಿದ್ರು. ಇಲ್ಲಿ ಹುಡುಗರಿಗೆ ಬಾನೆಟ್ ತೆಗೀಲಿಕ್ಕೆ ಕಲಿಸುದರಲ್ಲೇ ಮುಗೀತು.”

“ಹಾಗೆ ಹೇಳ್ಬೇಡಿ ರೋಜಿಯಕ್ಕ,” ಎಂದ ಜಯಂತ. “ನಾವು ಆ ಹುಡುಗರೇ ಅಲ್ವಾ?”

ಕಾರ್ಮಿನ್ ಕಿಟಕಿಯ ಆಚೆ ನೋಡಿದಳು. ತಂಗಿ ಬಾಯಿಬಿಟ್ಟು ಹೇಳಿದ್ದು ಮದುವೆಯಾದಂದಿನಿಂದ ಅವಳ ಎದೆಯಲ್ಲೂ ಇತ್ತು. ನನಗಾಗಿಯೇ ಈ ಮನುಷ್ಯ ಇಲ್ಲಿ ಉಳಿದು ಹಾಳಾದನೇ? ಒಮ್ಮೆ ಕೇಳಿದ್ದಳು. “ನಿನ್ನ ಮೀನು ಸಾರು ಪ್ಯಾರಿಸಿನಲ್ಲಿ ಯಾರು ಮಾಡ್ತಾರೆ?” ಎಂದು ಅವನು ಮಾತು ಹಾರಿಸಿದ್ದ.

*

ಮದುವೆಗೂ ಮೊದಲಿನ ಒಂದು ಜುಲೈ ಮಧ್ಯಾಹ್ನ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಬಂದ ಬಿಳಿಯನ ಮುಂಗೈ ಬೊಬ್ಬೆ ಎದ್ದಿತ್ತು. ಕುದಿಯುವ ರೇಡಿಯೇಟರಿನ ನೀರು ಹಾರಿತ್ತು. ನರ್ಸ್ ಕಾರ್ಮಿನ್ ಮದ್ದು ಹಚ್ಚುತ್ತಿದ್ದರೆ ಅವನಿಗೆ ನೋವಿನ ಗೊಡವೆಯೇ ಇರಲಿಲ್ಲ.

“ಸಿಸ್ಟರ್, ಚಿಕ್ಕ ಮಕ್ಕಳು ಎಷ್ಟು ಸೆಖೆ ತಡೆದುಕೊಳ್ಳುತ್ತಾರೆ?” ಎಂದು ತೊದಲು ಇಂಗ್ಲಿಷಿನಲ್ಲಿ ಕೇಳಿದ.

“ದೊಡ್ಡವರಿಗಿಂತ ಬೇಗ ಬಸವಳಿಯುತ್ತಾರೆ. ಯಾಕೆ, ನಿಮಗೆ ಮಕ್ಕಳಿದ್ದಾರಾ?”

“ಇಲ್ಲ. ಹಿಂದಿನ ಸೀಟು ಇದೆ.”

ಅವಳು ನಕ್ಕಳು. ಅವನು ನಗಲಿಲ್ಲ. ಕಂಪನಿ ಅವನನ್ನು ಹೊಸ ಕಾರಿನೊಂದಿಗೆ ಇಲ್ಲಿಯ ಬಿಸಿಲಿನಲ್ಲಿ ಪರೀಕ್ಷೆಗೆ ಕಳಿಸಿತ್ತು. ಎಂಜಿನ್ ತಾಳಿಕೊಂಡಿತ್ತು, ಮುಂದೆ ಕೂತವರಿಗೆ ತಣ್ಣನೆಯ ಗಾಳಿ ಬರುತ್ತಿತ್ತು. ಹಿಂದಿನ ಸೀಟನ್ನು ಅಳೆದು ನೋಡು ಎಂದು ಯಾರೂ ಹೇಳಿರಲಿಲ್ಲ. ಅವನು ಅಳೆದಿದ್ದ. ಅದು ಒಲೆಯಂತಿತ್ತು.

ಹಿಂದಕ್ಕೂ ಗಾಳಿಯ ಕೊಳವೆ ಹಾಕಬೇಕೆಂದು ಅವನು ಪಟ್ಟು ಹಿಡಿದ. ಯುರೋಪಿನಲ್ಲಿ ಅದರ ಅಗತ್ಯವಿಲ್ಲ, ಗಾಡಿಯನ್ನು ಪಾಸು ಮಾಡು ಎಂದರು ಮೇಲಿನವರು. ಅವನು ಒಪ್ಪಲಿಲ್ಲ. ಅವನನ್ನು ಪ್ಯಾರಿಸಿಗೆ ವಾಪಸು ಕರೆಸಿಕೊಂಡು ಸೀಟಿನ ಬಟ್ಟೆಗೆ ಬಣ್ಣ ಆರಿಸುವ ವಿಭಾಗದಲ್ಲಿ ಕೂರಿಸಿದರು. ಕಾರು ಹಾಗೆಯೇ ಮಾರಾಟಕ್ಕೆ ಬಂತು. ಮರುವರ್ಷ ರೆಮಿ ರಾಜೀನಾಮೆ ಕೊಟ್ಟು ಮತ್ತೆ ಬಹರೈನಿಗೆ ಬಂದಿಳಿದ. ಜಿಂಜ್ ಬಡಾವಣೆಯಲ್ಲಿ ಕಾರ್ಮಿನ್ ಇದ್ದ ಹಾಸ್ಟೆಲನ್ನು ಹುಡುಕಿಕೊಂಡು ಬಂದು, ವಾಸಿಯಾದ ಕೈಯನ್ನು ತೋರಿಸಿದ.

*

ಇಗರ್ಜಿಯ ಬಾಗಿಲಲ್ಲಿ ಕಪ್ಪು ಕೋಟು ತೊಟ್ಟ ಹುಡುಗಿಯೊಬ್ಬಳು ಸೂಟ್‌ಕೇಸು ಹಿಡಿದು ನಿಂತಿದ್ದಳು. ಏರ್‌ಪೋರ್ಟಿನಿಂದ ನೇರ ಬಂದಿದ್ದಳು. ಹೆಸರು ಎಲೊದಿ, ರೆಮಿಯ ಹಳೆಯ ಕಂಪನಿಯ ಎಂಜಿನಿಯರ್. ಹೂಗುಚ್ಛ ಕೊಟ್ಟು ಎರಡು ಮಾತು ಹೇಳಿ ಹೋಗುತ್ತಾಳೆ ಎಂದುಕೊಂಡಿದ್ದ ಕಾರ್ಮಿನ್‌ಳ ಕೈಯನ್ನು ಅವಳು ಬಿಡಲೇ ಇಲ್ಲ.

“ನಮ್ಮಲ್ಲಿ ಪ್ರತಿ ಹೊಸ ಗಾಡಿ ಬಂದಾಗಲೂ ‘ಲಕೂರ್ ಆಯ್ತಾ?’ ಅಂತ ಕೇಳ್ತಾರೆ,” ಎಂದಳು ಇಂಗ್ಲಿಷಿನಲ್ಲಿ. “ಗಾಡಿಯನ್ನು ಬಿಸಿಲಲ್ಲಿ ಕಾಯಿಸಿ, ಹಿಂದಿನ ಸೀಟಿನಲ್ಲಿ ಮಗುವಿನ ಎತ್ತರಕ್ಕೆ ಥರ್ಮಾಮೀಟರ್ ಇಡ್ತೇವೆ. ಅಲ್ಲಿ ತಣ್ಣಗಾಗದಿದ್ದರೆ ಗಾಡಿ ಮಾರುವ ಹಾಗಿಲ್ಲ. ಅದೇ ಲಕೂರ್.”

ಕಾರ್ಮಿನ್ ಅವಳನ್ನೇ ನೋಡಿದಳು.

“ಲಕೂರ್ ಅಂದರೆ ಒಂದು ಊರು ಅಂದುಕೊಂಡಿದ್ದೆ. ಎಲ್ಲೋ ಮರುಭೂಮಿಯಲ್ಲಿರಬೇಕು ಅಂತ ಮ್ಯಾಪಿನಲ್ಲೂ ಹುಡುಕಿದ್ದೆ. ಅದು ಹಿಂದಿನ ಸೀಟಿಗಾಗಿ ಹಟ ಹಿಡಿದು ಕೆಲಸ ಬಿಟ್ಟ ಮನುಷ್ಯನ ಹೆಸರು ಅಂತ ಹಳಬರೊಬ್ಬರು ಹೇಳಿದರು. ಹೋದ ವರ್ಷ ನಿಮ್ಮ ಗಂಡನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, ‘ಮಗುವಿನ ಎತ್ತರಕ್ಕೇ ಇಡ್ತೀರಾ?’ ಅಂದರು. ಹೌದು ಅಂದೆ. ಆಮೇಲೆ ‘ಹಾಗಾದರೆ ಸರಿ’ ಅಂತ ಫೋನ್ ಇಟ್ಟರು.”

ಹೋದ ವರ್ಷ ಒಂದು ಸಂಜೆ ರೆಮಿ ಹಮೂರ್ ಮೀನು ತಂದು ತಾನೇ ಹುರಿದು ಬಡಿಸಿದ್ದ. ಏನು ವಿಶೇಷ ಎಂದಾಗ “ಹಸಿವೆ” ಎಂದಷ್ಟೇ ಹೇಳಿ ಎರಡು ಸಲ ಅನ್ನ ಹಾಕಿಸಿಕೊಂಡಿದ್ದ.

“ಎಂತ ಹೇಳ್ತಾಳೆ ಅಕ್ಕಾ? ಅವಳ ಇಂಗ್ಲಿಷ್ ನಂಗೆ ಅರ್ಥ ಆಗುದಿಲ್ಲ,” ಎಂದಳು ರೋಜಿ.

“ಇವರ ಹೆಸರು ಹೇಳದೆ ಅಲ್ಲಿಂದ ಒಂದು ಗಾಡಿಯೂ ಹೊರಗೆ ಬರುದಿಲ್ಲವಂತೆ ರೋಜಿ!” ಬೆಂಚುಗಳಲ್ಲಿ ಕುಳಿತಿದ್ದವರು ತಿರುಗಿ ನೋಡುವಷ್ಟು ದೊಡ್ಡದಾಗಿತ್ತು ಕಾರ್ಮಿನ್‌ಳ ದನಿ. ಅವಳು ಅದನ್ನು ತಗ್ಗಿಸಲಿಲ್ಲ. “ಒಂದು ಗಾಡಿಯೂ!”

ರೋಜಿ ಶವಪೆಟ್ಟಿಗೆಯ ಕಡೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಪೂಜೆ ಶುರುವಾದಾಗ ಕಾರ್ಮಿನ್ ಎಲೊದಿಯನ್ನು ಮನೆಯವರ ಸಾಲಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಜಯಂತ ಕೆಲಸದವರಿಂದ ಸಲಿಕೆ ಇಸಿದುಕೊಂಡ. ರೆಮಿಯ ಉಳಿದ ಶಿಷ್ಯರೂ ಒಬ್ಬೊಬ್ಬರಾಗಿ ಮುಂದೆ ಬಂದರು. ಎಲೊದಿ ಕೋಟು ಕಳಚಿ, ಎಲ್ಲಿಡಲಿ ಎಂದು ಸುತ್ತ ನೋಡಿದಳು. ಕಾರ್ಮಿನ್ ಕೈ ಚಾಚಿದಳು.

ಹುಡುಗಿ ಬಿಳಿ ಅಂಗಿಯ ತೋಳು ಮಡಚಿ, ಸಲಿಕೆ ಹಿಡಿದು, ಜಯಂತನ ಎದುರು ನಿಂತು ಮಣ್ಣು ಎಳೆಯತೊಡಗಿದಳು. ಬೆವರಿಗೆ ಅಂಗಿ ಬೆನ್ನಿಗಂಟಿತು. ನೆರಳಿಗೆ ಬಾ ಎಂದು ರೋಜಿ ಕರೆದರೂ ಕಾರ್ಮಿನ್ ಕದಲಲಿಲ್ಲ. ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು, ಶಾಲೆಯ ಆಟದ ದಿನ ಮಗಳ ಓಟ ನೋಡಲು ಬಂದ ತಾಯಿಯಂತೆ, ತಲೆಯೆತ್ತಿ ಬಿಸಿಲಿನಲ್ಲೇ ನಿಂತಿದ್ದಳು.